ಮೊಟ್ಟೆಯ ಕಿಟಕಿಯಲ್ಲಿ ಕಂಡ ಮಿಸುಕಾಟ

ಬಿ.ಎಸ್ಸಿ. ಮಕ್ಕಳಿಗೆ ಪ್ರಾಣಿಶಾಸ್ತ್ರ ಹೇಳಿಕೊಡುವ ನಾನು ಹತ್ತು ವರ್ಷ ಭ್ರೂಣದ ಪಾಠವನ್ನು ಬಣ್ಣ ಹಾಕಿದ ಸ್ಲೈಡುಗಳಲ್ಲೇ ಮುಗಿಸಿದ್ದೆ. ಸ್ಲೈಡಿನಲ್ಲಿ ಹೃದಯ ಕಾಣುತ್ತದೆ, ಬೆನ್ನುಹುರಿ ಕಾಣುತ್ತದೆ, ಯಾವುದೂ ಅಲುಗುವುದಿಲ್ಲ. ಅಲುಗುವುದನ್ನು ಕಣ್ಣಾರೆ ನೋಡಲೇಬೇಕೆಂದು ಹೋದ ಮಳೆಗಾಲದಲ್ಲಿ ಹಟ ಹಿಡಿದು ಕೂತೆ.

ಅಂಗಡಿಯ ಫಾರಂ ಮೊಟ್ಟೆ ಇದಕ್ಕೆ ಆಗದು, ಹುಂಜದ ಜೊತೆ ಬಿಟ್ಟ ಕೋಳಿಯದ್ದೇ ಬೇಕು. ವಿದ್ಯಾರ್ಥಿನಿಯೊಬ್ಬಳ ಮನೆಯಿಂದ ಹನ್ನೆರಡು ನಾಟಿ ಮೊಟ್ಟೆ ಬಂದವು. 37.5 ಡಿಗ್ರಿ ಕಾವು, ಪಕ್ಕದಲ್ಲಿ ಒಂದು ಬಟ್ಟಲು ನೀರು. ಮೂರನೇ ದಿನ ಮೊಟ್ಟೆಯನ್ನು ಅಡ್ಡ ಮಲಗಿಸಿಟ್ಟರೆ ಭ್ರೂಣ ತಾನಾಗಿ ಮೇಲಕ್ಕೆ ತೇಲಿ ಬರುತ್ತದೆ. ಆಗಲೇ ಕತ್ತರಿ ಹಾಕಿದರೆ ಅದಕ್ಕೇ ತಾಗುತ್ತದೆ. ಮೊದಲು ತುದಿಯಲ್ಲಿ ಚುಚ್ಚಿ, ಸೂಜಿಯನ್ನು ಕೆಳಮುಖವಾಗಿ ಹಿಡಿದು, ಸಿರಿಂಜಿನಲ್ಲಿ 2-3 ಮಿಲಿ ಬಿಳಿ ಲೋಳೆ ಎಳೆದೆ. ಭ್ರೂಣ ಚಿಪ್ಪಿನಿಂದ ಕೊಂಚ ಕೆಳಗಿಳಿಯಿತು. ಚಿಪ್ಪಿನ ಪುಡಿ ಒಳಗೆ ಬೀಳದಂತೆ ಮೇಲೆ ಟೇಪ್ ಅಂಟಿಸಿ, ಟೇಪಿನ ಸಮೇತ ಎಂಟಾಣೆ ನಾಣ್ಯದಷ್ಟಗಲದ ಕಿಟಕಿ ಕತ್ತರಿಸಿದೆ. ನೋಡಿಯಾದ ಮೇಲೆ ಮತ್ತೆ ಟೇಪ್ ಮುಚ್ಚಿ ಕಾವಿಗೆ. ಎರಡು ಮೊಟ್ಟೆ ಗೊಡ್ಡಾಗಿದ್ದವು, ಮೂರು ನನ್ನ ಕೈತಪ್ಪಿನಿಂದ ಹಾಳಾದವು. ಆ ಮೂರು ಈಗಲೂ ಮನಸ್ಸಿಗೆ ಚುಚ್ಚುತ್ತವೆ.

ನಾಲ್ಕನೇ ದಿನ ಸಂಜೆ, ಲೆನ್ಸಿನ ಕೆಳಗೆ, ಕೆಂಪು ದಾರಗಳಂಥ ರಕ್ತನಾಳಗಳ ನಡುವೆ ಅದರ ತಲೆ ಒಂದು ಪಕ್ಕಕ್ಕೆ ಬಾಗಿತು. ಆಮೇಲೆ ನಿಶ್ಚಲ. ಸುಮಾರು ಹೊತ್ತು ಕಳೆದು ಇನ್ನೊಮ್ಮೆ ಬಾಗಿತು. ನಾನು ಉಸಿರು ಬಿಡುವುದನ್ನೇ ಮರೆತಿದ್ದೆ.

ಮರುದಿನ ಅದೇ ಮೊಟ್ಟೆಯನ್ನು ಮೇಜಿನ ಮೇಲಿಟ್ಟು ಬಹಳ ಹೊತ್ತು ನೋಡಿದೆ. ಚಲನೆ ಕಮ್ಮಿಯಾಗುತ್ತ ಹೋಗಿ ನಿಂತೇಬಿಟ್ಟಿತು, ಹೃದಯದ ಬಡಿತವೂ ನಿಧಾನವಾಯಿತು. ಸತ್ತಿತೆಂದೇ ಅಂದುಕೊಂಡೆ. ಕಾವಿಗೆ ಇಟ್ಟು ಒಂದು ಗಂಟೆ ಬಿಟ್ಟು ನೋಡಿದರೆ ಮತ್ತೆ ಮಿಸುಕುತ್ತಿದೆ! ಚಳಿಗೆ ಮಂದವಾಗಿತ್ತು, ಅಷ್ಟೆ. ಅಂದಿನಿಂದ ಸ್ಟೀಲ್ ಬೋಗುಣಿಯಲ್ಲಿ ಬೆಚ್ಚಗಿನ ಮರಳು ತುಂಬಿ, ಥರ್ಮಾಮೀಟರ್ ಚುಚ್ಚಿ, ಮೊಟ್ಟೆಯನ್ನು ಕಿಟಕಿಯವರೆಗೆ ಹೂತಿಟ್ಟೇ ನೋಡುವುದು.

ಇನ್ನೊಂದು ಕಡೆಯೂ ಮೋಸ ಹೋದೆ. ಐದನೇ ದಿನದ ಹೊತ್ತಿಗೆ ಇಡೀ ಭ್ರೂಣ ಜೋಕಾಲಿಯಂತೆ ತೂಗತೊಡಗಿತ್ತು. ಅದನ್ನೂ ಚಲನೆಯೆಂದೇ ಬರೆದುಕೊಂಡಿದ್ದೆ. ಅದು ಭ್ರೂಣದ ಕೆಲಸವಲ್ಲ, ಅದನ್ನು ಸುತ್ತಿರುವ ಆಮ್ನಿಯಾನ್ ಎಂಬ ಪೊರೆ ತಾನೇ ಕುಗ್ಗಿ ತೂಗುವುದು. ಆ ಪೊರೆಯಲ್ಲಿ ಸ್ನಾಯುವಿದೆ, ನರವಿಲ್ಲ. ಮೈ ಬಾಗದೆ ಇಡಿಯಾಗಿ ತೂಗಿದರೆ ಪೊರೆ, ಕತ್ತು ಬೆನ್ನು ಬಾಗಿದರೆ ಭ್ರೂಣ. ಈ ವ್ಯತ್ಯಾಸ ಹಿಡಿಯಲು ನನ್ನ ಕಣ್ಣಿಗೆ ಎರಡು ದಿನ ಬೇಕಾಯಿತು.

ಅದೇ ಐದನೇ ದಿನ ತೆಳು ಕೂದಲೊಂದನ್ನು ಭ್ರೂಣದ ಬಾಯಿಯ ಬಳಿ ಮೆತ್ತಗೆ ತಾಗಿಸಿದೆ. ಏನೂ ಇಲ್ಲ. ಕೂದಲು ತೆಗೆದು ಸುಮ್ಮನೆ ಕೂತರೆ ತನ್ನ ಪಾಡಿಗೆ ತಾನು ಬಾಗಿತು. ಎಂಟನೇ ದಿನ ತಾಗಿಸಿದಾಗ ತಲೆ ತಿರುಗಿಸಿತು. ಮುಟ್ಟಿದರೆ ಓಗೊಡುವುದನ್ನು ಕಲಿಯುವ ಮೊದಲೇ ಅದು ನಾಲ್ಕು ದಿನ ಅಲುಗಿತ್ತು. ಜರ್ಮನಿಯ ಶರೀರಶಾಸ್ತ್ರಜ್ಞ ವಿಲಿಯಂ ಪ್ರೇಯರ್ 1885ರಲ್ಲೇ ಇದನ್ನು ಬರೆದಿದ್ದಾರೆ. ಓದಿ ಪಾಠ ಮಾಡಿದ್ದೆ, ನಂಬಿದ್ದು ಮಾತ್ರ ಅವತ್ತು. ಚಲನೆಯೆಂದರೆ ಹೊರಗಿನದಕ್ಕೆ ಉತ್ತರ ಎಂದು ನಾನೇ ಎಷ್ಟು ತಂಡಗಳಿಗೆ ಹೇಳಿಕೊಟ್ಟಿದ್ದೆನೋ!

ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಭ್ರೂಣವಿಜ್ಞಾನಿ ವಿಕ್ಟರ್ ಹ್ಯಾಂಬರ್ಗರ್ ಮತ್ತು ಜೊತೆಗಾರರು 1966ರಲ್ಲಿ ಕೋಳಿ ಭ್ರೂಣದ ಕಾಲಿನ ಭಾಗದ ಬೆನ್ನುಹುರಿಗೆ ಮಿದುಳಿನ ನಂಟನ್ನೂ ಸ್ಪರ್ಶದ ಸುದ್ದಿಯನ್ನೂ ಕಡಿದು ನೋಡಿದ್ದರು. ಆದರೂ ಮರಿಯ ಕಾಲು ಆಡುತ್ತಿತ್ತು. ಅಂದರೆ ಚಲನೆ ಬೆನ್ನುಹುರಿಯೊಳಗೇ ಹುಟ್ಟುತ್ತದೆ. ದೊಡ್ಡವರ ಮಿದುಳಿನಲ್ಲಿ ನರಕೋಶಗಳನ್ನು ತಣ್ಣಗಿಡುವ ಗಾಬಾ ಎಂಬ ರಾಸಾಯನಿಕ ಈ ಎಳೆ ಹಂತದಲ್ಲಿ ಉಲ್ಟಾ ಕೆಲಸ ಮಾಡುತ್ತದೆ. ಕೋಶದೊಳಗೆ ಕ್ಲೋರೈಡ್ ಹೆಚ್ಚಿರುವುದರಿಂದ ಅದು ಕೋಶಗಳನ್ನು ಕೆರಳಿಸುತ್ತದೆ. ಒಂದು ಕೆರಳಿದರೆ ಪಕ್ಕದ್ದು, ಅದರಿಂದ ಮತ್ತೊಂದು, ಹೀಗೆ ಬೆನ್ನುಹುರಿಯಲ್ಲಿ ಅಲೆ ಹರಿಯುತ್ತದೆ. ಅಲೆ ಹಾದ ಮೇಲೆ ಜಾಲ ದಣಿಯುತ್ತದೆ. ಎರಡು ಮಿಸುಕಾಟಗಳ ನಡುವೆ ನಾನು ಕಂಡ ಬಿಡುವು ಅದೇ. ಈ ಮಿಸುಕಾಟ ದಂಡದ್ದಲ್ಲ. ಔಷಧ ಕೊಟ್ಟು ಭ್ರೂಣವನ್ನು ಅಲುಗದಂತೆ ಮಾಡಿದಾಗ ಮರಿಯ ಕೀಲುಗಳೇ ಸರಿಯಾಗಿ ಕೂಡಲಿಲ್ಲವೆಂದು 1962ರಲ್ಲಿ ಡ್ರಾಕ್‌ಮನ್ ಮತ್ತು ಕೂಲೋಂಬರ್ ತೋರಿಸಿದರು.

ಮೊಟ್ಟೆ ಕೊಟ್ಟ ಹುಡುಗಿ ಒಂಬತ್ತನೇ ದಿನ ನನ್ನ ಜೊತೆ ಕೂತಿದ್ದಳು. ರೆಕ್ಕೆ, ಕಾಲು, ಕತ್ತು ಒಂದಕ್ಕೊಂದು ಹೊಂದಿಕೆಯಿಲ್ಲದೆ ಆಡುತ್ತಿದ್ದವು. “ಸರ್, ನಮ್ಮಕ್ಕಂಗೆ ಮೂರು ತಿಂಗಳು. ಮಗು ಮಿಸುಕಿದ್ದು ಇನ್ನೂ ಗೊತ್ತಾಗಿಲ್ವಂತೆ” ಅಂದಳು. ಕೊನೆಯ ಮುಟ್ಟಿನಿಂದ ಎಣಿಸಿದರೆ ಏಳೂವರೆ, ಎಂಟು ವಾರಕ್ಕೇ ಸ್ಕ್ಯಾನಿನಲ್ಲಿ ಮಿಸುಕಾಟ ಕಾಣುತ್ತದೆ, ಚೊಚ್ಚಲ ಬಸುರಿಗೆ ಅದು ತಿಳಿಯುವುದು ಸಾಮಾನ್ಯವಾಗಿ 18-20 ವಾರಕ್ಕೆ ಎಂದೆ.

“ಹಾಗಾದ್ರೆ ಈಗ್ಲೇ ಆಡ್ತಿದೆ” ಎಂದು ಮತ್ತೆ ಲೆನ್ಸಿಗೆ ಬಗ್ಗಿದಳು. “ಬರ್ಕೊಳ್ಳಿ ಸರ್, ಕಾಲು… ನಿಂತ್ತು… ಮತ್ತೆ ಕಾಲು.”