ಮೇಂಟೆನೆನ್ಸ್ ಏರಿತೇ? ಕಟ್ಟುವುದನ್ನು ನಿಲ್ಲಿಸಬೇಡಿ, ಲೆಕ್ಕ ಕೇಳಿ

ಮಾರ್ಚ್ ಕೊನೆಯ ವಾರ ಅಪಾರ್ಟ್‌ಮೆಂಟ್‌ನ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಸುತ್ತೋಲೆ ಬರುತ್ತದೆ. ‘ಏಪ್ರಿಲ್ 1ರಿಂದ ಮೇಂಟೆನೆನ್ಸ್ ಚದರಡಿಗೆ 3.50 ರೂಪಾಯಿ ಬದಲು 4.75 ರೂಪಾಯಿ.’ ಕಾರಣ ಒಂದೇ ಸಾಲು: ಖರ್ಚು ಜಾಸ್ತಿಯಾಗಿದೆ. ಹತ್ತು ನಿಮಿಷದೊಳಗೆ ಜಗಳ ಶುರು. ‘ನಾನಂತೂ ಕಟ್ಟಲ್ಲ’ ಅಂತ ಒಬ್ಬರು. ‘ಕಮಿಟಿಯವರು ತಿಂದು ಹಾಕ್ತಿದ್ದಾರೆ’ ಅಂತ ಇನ್ನೊಬ್ಬರು. ‘ಹಾಗಾದ್ರೆ ನೀವೇ ಬಂದು ನಡೆಸಿ’ ಅಂತ ಖಜಾಂಚಿ.

2024ರಲ್ಲಿ ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಹೀಗೇ ಆಯಿತು. ಒಟ್ಟು 80 ಮನೆ. ನಾಲ್ಕು ತಿಂಗಳು ಲಿಫ್ಟಿನಲ್ಲಿ ಎದುರಾದರೂ ಮುಖ ನೋಡದಷ್ಟು ಮನಸ್ತಾಪ. ಕೊನೆಗೆ ಅದನ್ನು ಬಗೆಹರಿಸಿದ್ದು ವಕೀಲರಲ್ಲ, ವೋಚರ್‌ಗಳ ಒಂದು ಫೈಲು. ಆ ಅನುಭವದ ಮೇಲೆ ಈ ಹಂತಗಳನ್ನು ಬರೆಯುತ್ತಿದ್ದೇನೆ.

ಮೊದಲ ಕೆಲಸ: ಹಣ ಕಟ್ಟಿ, ಆಕ್ಷೇಪ ಬರೆದಿಡಿ

ಸಿಟ್ಟಿನಲ್ಲಿ ಕಟ್ಟುವುದನ್ನೇ ನಿಲ್ಲಿಸುವವರು ತುಂಬಾ ಜನ. ನಮ್ಮಲ್ಲೂ ಒಬ್ಬರು ಏಳು ತಿಂಗಳು ನಿಲ್ಲಿಸಿದರು. ಅವರ ಪ್ರಶ್ನೆಯಲ್ಲಿ ನ್ಯಾಯವಿತ್ತು. ಆದರೆ ಸಭೆಯಲ್ಲಿ ಎದ್ದು ನಿಂತ ಕೂಡಲೇ ‘ಮೊದಲು ಬಾಕಿ ಕಟ್ಟಿ’ ಅಂತ ಕೂರಿಸಿದರು. ಪ್ರಶ್ನೆ ಅಲ್ಲಿಗೇ ಸತ್ತಿತು.

ಕಾನೂನೂ ಬಾಕಿದಾರರ ಪರವಾಗಿಲ್ಲ. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ 1972ರ ಪ್ರಕಾರ, ಕಟ್ಟದೆ ಉಳಿದ ಸಾಮಾನ್ಯ ಖರ್ಚಿನ ಪಾಲು ನಿಮ್ಮ ಮನೆಯ ಮೇಲೆಯೇ ಋಣಭಾರವಾಗಿ ಕೂರುತ್ತದೆ. ಮನೆ ಮಾರಿದರೆ ಕೊಂಡವರೂ ಅದಕ್ಕೆ ಹೊಣೆ. ಹಾಗಾಗಿ ಮಾರುವಾಗ ಅಸೋಸಿಯೇಷನ್‌ನಿಂದ ‘ಬಾಕಿ ಇಲ್ಲ’ ಪತ್ರ ಬೇಕೇ ಬೇಕಾಗುತ್ತದೆ. ಬಾಕಿ ಉಳಿಸಿಕೊಂಡವರಿಗೆ ಚುನಾವಣೆಯಲ್ಲಿ ಮತ ಇಲ್ಲ ಎಂದು ಅನೇಕ ಬೈಲಾಗಳಲ್ಲಿ, ಅಂದರೆ ಅಸೋಸಿಯೇಷನ್‌ನ ನಿಯಮಾವಳಿಗಳಲ್ಲಿ, ಇದೆ.

ಅದಕ್ಕೇ ಹೊಸ ದರದಲ್ಲೇ ಕಟ್ಟಿ. ಕಟ್ಟಿದ ದಿನವೇ ಒಂದು ಇಮೇಲ್ ಹಾಕಿ: ‘ಹೊಸ ದರಕ್ಕೆ ನನ್ನ ಆಕ್ಷೇಪವಿದೆ. ಆಕ್ಷೇಪ ಉಳಿಸಿಕೊಂಡೇ ಈ ಹಣ ಕಟ್ಟಿದ್ದೇನೆ. ಏರಿಕೆ ಸರಿಯಲ್ಲ ಎಂದು ತೀರ್ಮಾನವಾದರೆ ಹೆಚ್ಚುವರಿ ಮೊತ್ತವನ್ನು ಮುಂದಿನ ಬಿಲ್ಲಿನಲ್ಲಿ ಹೊಂದಿಸಬೇಕು.’ ಇಷ್ಟು ಸಾಕು. ವಾಟ್ಸ್‌ಆ್ಯಪ್‌ನಲ್ಲಿ ಬರೆದದ್ದು ನಾಳೆ ಮೇಲಕ್ಕೆ ಸರಿದು ಹೋಗುತ್ತದೆ, ಇಮೇಲ್ ಉಳಿಯುತ್ತದೆ.

ಎರಡನೆಯದು: ಕಟ್ಟಡ ನಡೆಸುತ್ತಿರುವವರು ಯಾರು?

ಇದು ಗೊತ್ತಿಲ್ಲದೆ ದೂರು ಕೊಟ್ಟರೆ ತಪ್ಪು ಬಾಗಿಲು ತಟ್ಟಿದಂತೆ. ಬಿಲ್ಡರ್ ಇನ್ನೂ ಹಸ್ತಾಂತರ ಮಾಡಿಲ್ಲ ಅಂದರೆ 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ ನಿಮ್ಮ ಕೈಯಲ್ಲಿದೆ. ಅಸೋಸಿಯೇಷನ್ ವಹಿಸಿಕೊಳ್ಳುವವರೆಗೆ ಅಗತ್ಯ ಸೇವೆಗಳನ್ನು ‘ಸಮಂಜಸ ದರ’ದಲ್ಲಿ ಕೊಡುವುದು ಬಿಲ್ಡರ್ ಹೊಣೆ. ಕೀ ಕೊಡುವಾಗ ಒಂದೆರಡು ವರ್ಷದ ಮೇಂಟೆನೆನ್ಸ್ ಮುಂಗಡ ತೆಗೆದುಕೊಂಡಿದ್ದರೆ ಅದರ ಲೆಕ್ಕ ಕೇಳಿ, ಕಾರ್ಪಸ್ ಫಂಡ್ (ಮಾಲೀಕರಿಂದ ಒಂದೇ ಸಲ ಪಡೆದ ಮೂಲ ನಿಧಿ) ಯಾವ ಖಾತೆಯಲ್ಲಿದೆ ಎಂದೂ ಕೇಳಿ. ಇನ್ನೊಂದು ಮಾತು. ಕಟ್ಟಡದ ರಚನೆಯಲ್ಲಿ ದೋಷವಿದ್ದರೆ, ಮನೆ ಕೈಗೆ ಬಂದ ಐದು ವರ್ಷದೊಳಗೆ ತಿಳಿಸಿದರೆ, ಬಿಲ್ಡರ್ ಬೇರೆ ದುಡ್ಡು ಕೇಳದೆ ಸರಿಮಾಡಿಕೊಡಬೇಕು. ಅಂಥ ರಿಪೇರಿ ನಿಮ್ಮ ಬಿಲ್ಲಿನೊಳಗೆ ಸೇರಿಕೊಂಡಿದೆಯೇ ನೋಡಿ.

ಅಸೋಸಿಯೇಷನ್ ನಡೆಸುತ್ತಿದ್ದರೆ ಅದು ಯಾವ ಕಾಯ್ದೆಯಡಿ ನೋಂದಣಿ ಆಗಿದೆ ಎಂದು ಕಾರ್ಯದರ್ಶಿಯನ್ನು ಕೇಳಿ. 1972ರ ಕಾಯ್ದೆ ಇರಬಹುದು, 1960ರ ಸಂಘಗಳ ನೋಂದಣಿ ಕಾಯ್ದೆ ಇರಬಹುದು, ಕೆಲವು ಕಡೆ 1959ರ ಸಹಕಾರ ಸಂಘಗಳ ಕಾಯ್ದೆ. ಜೊತೆಗೆ ಬೈಲಾ ಮತ್ತು ಡೀಡ್ ಆಫ್ ಡಿಕ್ಲರೇಷನ್ (ಪ್ರತಿ ಮನೆಯ ಪಾಲು ಎಷ್ಟೆಂದು ಬರೆದಿರುವ ಘೋಷಣಾ ಪತ್ರ) ಪ್ರತಿ ಪಡೆಯಿರಿ. ಬೈಲಾದಲ್ಲಿ ಮೂರು ವಿಷಯ ಹುಡುಕಿ. ದರ ಏರಿಸುವ ಅಧಿಕಾರ ಕಮಿಟಿಗೋ ಮಹಾಸಭೆಗೋ? ಸಭೆಗೆ ಎಷ್ಟು ದಿನ ಮುಂಚೆ ನೋಟಿಸ್ ಕೊಡಬೇಕು? ಲೆಕ್ಕದ ಪುಸ್ತಕ ನೋಡುವ ಹಕ್ಕು ಸದಸ್ಯರಿಗೆ ಹೇಗಿದೆ?

ಮೂರನೆಯದು: ಏರಿಕೆಯನ್ನು ಬಿಡಿಸಿ ನೋಡಿ

ಇಲ್ಲಿ ನಿಧಾನವಾಗಿ ಕೂರಬೇಕು. ಜಗಳದ ಮುಕ್ಕಾಲು ಪಾಲು ಈ ಲೆಕ್ಕ ಯಾರೂ ಮಾಡದೆ ಇರುವುದರಿಂದ ಹುಟ್ಟುತ್ತದೆ.

ನಮ್ಮಲ್ಲಿ ಮನೆಯ ಸರಾಸರಿ ಅಳತೆ 1,200 ಚದರಡಿ. ಚದರಡಿಗೆ 1.25 ರೂಪಾಯಿ ಏರಿದರೆ ಮನೆಗೆ ತಿಂಗಳಿಗೆ 1,500 ರೂಪಾಯಿ. 80 ಮನೆಗೆ ತಿಂಗಳಿಗೆ 1.20 ಲಕ್ಷ, ವರ್ಷಕ್ಕೆ 14.40 ಲಕ್ಷ. ಆಗ ಪ್ರಶ್ನೆ ಸರಳವಾಗುತ್ತದೆ: ಈ 14.40 ಲಕ್ಷ ಎಲ್ಲಿಗೆ ಹೋಗುತ್ತದೆ?

ಕಮಿಟಿಗೆ ಪತ್ರ ಕೊಟ್ಟು ನಾಲ್ಕು ದಾಖಲೆ ಕೇಳಿದೆವು. ಹಿಂದಿನ ಎರಡು ವರ್ಷದ ಆಡಿಟ್ ಆದ ಲೆಕ್ಕ, ಈ ವರ್ಷದ ಬಜೆಟ್, ದೊಡ್ಡ ಗುತ್ತಿಗೆಗಳ ಒಪ್ಪಂದ, ಹಿಂದಿನ ಆರು ತಿಂಗಳ ವೋಚರ್. ನಿವೃತ್ತ ಬ್ಯಾಂಕ್ ನೌಕರರೊಬ್ಬರು ನಮ್ಮ ಪರವಾಗಿ, ಖಜಾಂಚಿ ಕಮಿಟಿ ಪರವಾಗಿ, ಎರಡು ಭಾನುವಾರ ಕ್ಲಬ್‌ಹೌಸ್‌ನಲ್ಲಿ ಕೂತರು. ಕಂಡದ್ದು ಇದು.

ಟ್ಯಾಂಕರ್ ನೀರು 3.60 ಲಕ್ಷ. ಆ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್ ದರ ಆಕಾಶಕ್ಕೆ ಹೋಗಿ, ಜಿಲ್ಲಾಡಳಿತವೇ ದರ ನಿಗದಿ ಮಾಡಬೇಕಾಗಿ ಬಂದದ್ದು ನೆನಪಿರಬಹುದು. ಐದು ಕಿಲೋಮೀಟರ್ ಒಳಗೆ 12,000 ಲೀಟರ್ ಟ್ಯಾಂಕರ್‌ಗೆ 1,000 ರೂಪಾಯಿ. ದಿನಕ್ಕೆ ನಾಲ್ಕು ಲೋಡ್ ಅಂದರೆ ತಿಂಗಳಿಗೆ 1.20 ಲಕ್ಷ.  ಕಮಿಟಿ ಮಾರ್ಚ್ ತಿಂಗಳ ಕೊರತೆ ನೋಡಿ ಹೆದರಿ, ಬೇಸಿಗೆಯ ಈ ಖರ್ಚನ್ನು ಖಾಯಂ ದರಕ್ಕೇ ಸೇರಿಸಿಬಿಟ್ಟಿತ್ತು. ಟ್ಯಾಂಕರ್ ಬೇಕಾದದ್ದು ಮೂರು ತಿಂಗಳು ಮಾತ್ರ. ಕಳ್ಳತನ ಯಾರೂ ಮಾಡಿರಲಿಲ್ಲ. ಲೆಕ್ಕ ತಪ್ಪಿತ್ತು, ಅಷ್ಟೆ. ನಾಲ್ಕು ತಿಂಗಳು ನಾವು ಅವರನ್ನು ಕಳ್ಳರು ಅಂದಿದ್ದೆವು. ನನಗೆ ಅದು ಈಗಲೂ ಬೇಸರದ ವಿಷಯ.

ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧೀಕರಣ ಘಟಕ. ಅದರ ಬ್ಲೋವರ್, ಪಂಪು ಬದಲಿಸಲು 2.40 ಲಕ್ಷ. ಇದು ಒಂದು ಸಲದ ಖರ್ಚು. ಸಿಂಕಿಂಗ್ ಫಂಡ್, ಅಂದರೆ ದೊಡ್ಡ ರಿಪೇರಿಗೆಂದು ಕೂಡಿಡುವ ನಿಧಿ, ಇಟ್ಟಿರುವುದೇ ಇಂಥದ್ದಕ್ಕೆ. ತಿಂಗಳ ದರದಲ್ಲಿ ಸೇರಿಸಿದರೆ ಮುಂದಿನ ವರ್ಷವೂ ನೀವು ಅದನ್ನೇ ಕಟ್ಟುತ್ತಿರುತ್ತೀರಿ.

ಸೆಕ್ಯುರಿಟಿ, ಹೌಸ್‌ಕೀಪಿಂಗ್, ಕಾಮನ್ ಕರೆಂಟ್ ಬಿಲ್ ಸೇರಿ 6.90 ಲಕ್ಷ. ಇದು ನಿಜವಾದ ಏರಿಕೆ. ಕನಿಷ್ಠ ವೇತನದ ತುಟ್ಟಿಭತ್ಯೆ ಪ್ರತಿ ಏಪ್ರಿಲ್‌ನಲ್ಲಿ ಪರಿಷ್ಕರಣೆಯಾಗುತ್ತದೆ. ಅದರ ಮೇಲೆ ಪಿಎಫ್, ಇಎಸ್‌ಐ, ಏಜೆನ್ಸಿ ಕಮಿಷನ್, ಶೇ 18 ಜಿಎಸ್‌ಟಿ ಸೇರುತ್ತವೆ. ಇಲ್ಲಿ ಕೈ ಬಿಗಿ ಮಾಡಿ ಅಂತ ಒತ್ತಾಯಿಸಬೇಡಿ. ರಾತ್ರಿ ಪಾಳಿಯ ಗಾರ್ಡ್ ಸಂಬಳದಲ್ಲಿ ಉಳಿಸುವ ಹಣ ಉಳಿತಾಯವಲ್ಲ. ಕೇಳಬೇಕಾದದ್ದು ಬೇರೆ: ಗುತ್ತಿಗೆಯಲ್ಲಿ ಬರೆದಷ್ಟು ಜನ ದಿನಾ ಬರುತ್ತಿದ್ದಾರಾ? ಅವರ ಪಿಎಫ್ ಕಟ್ಟಿದ ಚಲನ್ ಏಜೆನ್ಸಿ ತೋರಿಸುತ್ತಿದೆಯಾ?

ಉಳಿದ 1.50 ಲಕ್ಷ ‘ಇತರೆ’. ಅದಕ್ಕೆ ವೋಚರ್ ಇರಲಿಲ್ಲ, ಅಂದಾಜು ಅಂದರು. ಅದನ್ನು ಕೈಬಿಟ್ಟರು.

ಈಗ ತಿಂಗಳ ದರಕ್ಕೆ ಸೇರಿಸಲು ಉಳಿಯುವುದು ವರ್ಷಕ್ಕೆ 6.90 ಲಕ್ಷ ಮಾತ್ರ. ಚದರಡಿಗೆ ಸುಮಾರು 60 ಪೈಸೆ. ಹೊಸ ದರ 4.10 ರೂಪಾಯಿಗೆ ನಿಂತಿತು. ಟ್ಯಾಂಕರ್ ಖರ್ಚನ್ನು ಬೇಸಿಗೆಯಲ್ಲಿ ಪ್ರತ್ಯೇಕ ಸಾಲಾಗಿ ಹಾಕಲು ಎಲ್ಲರೂ ಒಪ್ಪಿದರು.

ಜಿಎಸ್‌ಟಿ ಗೆರೆ ಮರೆಯಬೇಡಿ

ಒಬ್ಬ ಸದಸ್ಯರ ಮೇಂಟೆನೆನ್ಸ್ ತಿಂಗಳಿಗೆ 7,500 ರೂಪಾಯಿ ಮೀರಿ, ಅಸೋಸಿಯೇಷನ್ ವಹಿವಾಟೂ ವರ್ಷಕ್ಕೆ 20 ಲಕ್ಷ ಮೀರಿದರೆ ಶೇ 18 ಜಿಎಸ್‌ಟಿ ಬರುತ್ತದೆ. ನಮ್ಮಲ್ಲಿ 1,700 ಚದರಡಿ ಮನೆಗೆ 4.75ರ ದರದಲ್ಲಿ 8,075 ರೂಪಾಯಿ ಆಗುತ್ತಿತ್ತು. 2019ರ ತೆರಿಗೆ ಸುತ್ತೋಲೆ ಪ್ರಕಾರ ಪೂರ್ತಿ ಮೊತ್ತಕ್ಕೆ ತೆರಿಗೆ, ಅಂದರೆ ಸುಮಾರು 1,450 ರೂಪಾಯಿ. ಮದ್ರಾಸ್ ಹೈಕೋರ್ಟ್ 2021ರಲ್ಲಿ, 7,500 ಮೀರಿದ ಭಾಗಕ್ಕೆ ಮಾತ್ರ ತೆರಿಗೆ ಎಂದಿತು. ಹಾಗೆ ನೋಡಿದರೆ ಬರೀ 100 ರೂಪಾಯಿ ಚಿಲ್ಲರೆ. 4.10ರ ದರದಲ್ಲಿ ಆ ಮನೆಗೆ 6,970 ರೂಪಾಯಿ, ತೆರಿಗೆಯೇ ಇಲ್ಲ. ನಿಮ್ಮ ಬಿಲ್ಲಿನಲ್ಲಿ ಜಿಎಸ್‌ಟಿ ಇದ್ದರೆ ನೋಂದಣಿ ಸಂಖ್ಯೆ ಇದೆಯೇ, ಯಾವ ಲೆಕ್ಕದಲ್ಲಿ ಹಾಕಿದ್ದಾರೆ ಎಂದು ಆಡಿಟರ್ ಕೈಲಿ ಕೇಳಿಸಿ.

‘ನಾನು ಲಿಫ್ಟ್ ಬಳಸಲ್ಲ’ ಎನ್ನುವವರಿಗೆ

ನೆಲ ಮಹಡಿಯವರ ಈ ಮಾತು ಪ್ರತಿ ಸಭೆಯಲ್ಲೂ ಬರುತ್ತದೆ. 1972ರ ಕಾಯ್ದೆ ಇದನ್ನು ಒಪ್ಪುವುದಿಲ್ಲ. ಬಳಸದೆ ಬಿಟ್ಟ ಮಾತ್ರಕ್ಕೆ ಸಾಮಾನ್ಯ ಖರ್ಚಿನಿಂದ ಬಿಡುಗಡೆ ಇಲ್ಲ. ಖರ್ಚು ಹಂಚಬೇಕಾದದ್ದು ಅವಿಭಜಿತ ಪಾಲಿನ (ಎಲ್ಲರಿಗೂ ಸೇರಿದ ಜಾಗ, ಸೌಲಭ್ಯಗಳಲ್ಲಿ ಆಯಾ ಮನೆಗಿರುವ ಪಾಲು) ಪ್ರಮಾಣದಲ್ಲಿ. ಆ ಪ್ರಮಾಣ ಡೀಡ್ ಆಫ್ ಡಿಕ್ಲರೇಷನ್‌ನಲ್ಲಿರುತ್ತದೆ. ದೊಡ್ಡ ಮನೆಯವರು ‘ಎಲ್ಲರಿಗೂ ಸಮ ದರ ಇರಲಿ’ ಎಂದರೆ ಅದೇ ದಾಖಲೆ ತೆಗೆದು ತೋರಿಸಿ. ನೀರಿಗೆ ಮಾತ್ರ ಮನೆಮನೆಗೆ ಮೀಟರ್ ಹಾಕುವುದು ನ್ಯಾಯ ಅಂತ ನನ್ನ ಅಭಿಪ್ರಾಯ. ಇಬ್ಬರಿರುವ ಮನೆಗೂ ಆರು ಜನರ ಮನೆಗೂ ನೀರಿನ ಬಿಲ್ ಒಂದೇ ಆದರೆ ಯಾರಿಗೂ ಸಮಾಧಾನವಿರುವುದಿಲ್ಲ, ಅಲ್ವಾ?

ಲೆಕ್ಕ ಕೊಡದಿದ್ದರೆ?

ಪತ್ರಕ್ಕೆ ಹದಿನೈದು ದಿನ ಕಾಯಿರಿ. ಉತ್ತರ ಬಾರದಿದ್ದರೆ ಒಬ್ಬರೇ ಓಡಾಡಬೇಡಿ. ಬೈಲಾದಲ್ಲಿ ಹೇಳಿದಷ್ಟು ಸದಸ್ಯರ ಸಹಿ ಹಾಕಿಸಿ ವಿಶೇಷ ಮಹಾಸಭೆ ಕರೆಯುವಂತೆ ಕೇಳಿ. ಸಭೆಯಲ್ಲಿ ಒಂದೇ ನಿರ್ಣಯ ಮಂಡಿಸಿ: ಹೊರಗಿನ ಲೆಕ್ಕಪರಿಶೋಧಕರಿಂದ ತಪಾಸಣೆ ಆಗುವವರೆಗೆ ಹಳೆಯ ದರ. ಹತ್ತು ವಿಷಯ ಇಟ್ಟುಕೊಂಡು ಹೋದರೆ ಸಭೆ ಕಾರ್ ಪಾರ್ಕಿಂಗ್ ಜಗಳದಲ್ಲಿ ಮುಗಿಯುತ್ತದೆ.

ಅದೂ ಫಲಿಸದಿದ್ದರೆ ಹೊರಗಿನ ದಾರಿ. ಸಂಘಗಳ ಕಾಯ್ದೆಯಡಿ ನೋಂದಣಿಯಾಗಿದ್ದರೆ, ಮೂರನೇ ಒಂದು ಭಾಗ ಸದಸ್ಯರು ಅರ್ಜಿ ಕೊಟ್ಟು ಜಿಲ್ಲಾ ನೋಂದಣಾಧಿಕಾರಿಯಿಂದ ವಿಚಾರಣೆ ಕೇಳಬಹುದು. ಸಹಕಾರ ಸಂಘವಾದರೆ ವಿವಾದ ಸಹಕಾರ ಇಲಾಖೆಯ ನಿಬಂಧಕರ ಮುಂದೆ ಹೋಗುತ್ತದೆ. ಬಿಲ್ಡರ್ ಮೇಲಿನ ದೂರಿಗೆ ಕರ್ನಾಟಕ ರೇರಾ ಪ್ರಾಧಿಕಾರ ಇದೆ. ಹಣ ಕಟ್ಟಿದರೂ ಸೇವೆ ಸಿಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವೂ ಉಂಟು. ಏನು ಮಾಡಬೇಕೆಂದು ಮೊದಲು ಕೇಳಿ ತಿಳಿಯಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಎಲ್ಲಿಗೆ ಹೋದರೂ ಮೊದಲು ಕೇಳುವುದು ನಿಮ್ಮ ರಸೀದಿ, ಆಕ್ಷೇಪದ ಇಮೇಲ್, ಲೆಕ್ಕ ಕೇಳಿದ ಪತ್ರ.

ಕಮಿಟಿಯಲ್ಲಿರುವವರಿಗೂ ಒಂದು ಮಾತು. ಬಾಕಿ ಇದೆ ಅಂತ ಯಾರ ಮನೆಯ ನೀರು, ಕರೆಂಟಿಗೂ ಕೈ ಹಾಕಬೇಡಿ. ಆ ಮನೆಯಲ್ಲಿ ಮಕ್ಕಳಿರುತ್ತಾರೆ, ವಯಸ್ಸಾದವರಿರುತ್ತಾರೆ. ಬಾಕಿ ವಸೂಲಿಗೆ ನೋಟಿಸ್ ಇದೆ, ಕೋರ್ಟ್ ಇದೆ.

ನಮ್ಮಲ್ಲಿ ಈಗ ಪ್ರತಿ ತಿಂಗಳು 10ನೇ ತಾರೀಕಿನೊಳಗೆ ಒಂದು ಪುಟದ ಲೆಕ್ಕ ಲಿಫ್ಟ್ ಪಕ್ಕದ ನೋಟಿಸ್ ಬೋರ್ಡಿಗೆ ಬರುತ್ತದೆ. ಎಡಕ್ಕೆ ಬಜೆಟ್, ಬಲಕ್ಕೆ ಆದ ಖರ್ಚು, ಕೆಳಗೆ ಬ್ಯಾಂಕಿನಲ್ಲಿರುವ ಹಣ. ವೋಚರ್ ಫೈಲು ಮ್ಯಾನೇಜರ್ ಮೇಜಿನ ಮೇಲಿರುತ್ತದೆ, ಸಂಜೆ ಐದರಿಂದ ಏಳರವರೆಗೆ ಯಾರು ಬೇಕಾದರೂ ನೋಡಬಹುದು. ಏಳು ತಿಂಗಳು ಹಣ ಕಟ್ಟದೆ ಕೂತಿದ್ದವರೇ ಈ ವರ್ಷ ಜಂಟಿ ಖಜಾಂಚಿ. ಆ ಪುಟಕ್ಕೆ ಸಹಿ ಹಾಕುವುದು ಅವರೇ.