ಅರೆ ತುಂಬಿದ ಕೆರೆ: ಬೇಸಿಗೆ ಬೆಳೆ ಎಷ್ಟು ಎಕರೆ, ಹೇಗೆ ತೀರ್ಮಾನಿಸುವುದು?

ಕೆರೆಯ ಬಗ್ಗೆ ಪೂರ್ತಿ ತಿಳಿದವರು ಊರಲ್ಲಿ ಒಬ್ಬರೂ ಇರುವುದಿಲ್ಲ. ಕಾಲುವೆಗೆ ನೀರು ಬಿಡುವ ತೂಬಿನ ಅಂದಾಜು ಅದನ್ನು ತೆಗೆದು ಮುಚ್ಚುವ ನೀರುಗಂಟಿಗೆ ಗೊತ್ತು, ಹೂಳಿನ ಅಂದಾಜು ಮೀನು ಹಿಡಿಯುವವರಿಗೆ. ನೀರು ಬಂದು ತಲುಪಲು ಎಷ್ಟು ದಿನ ಬೇಕೆಂದು ಬಲ್ಲವರು ಅಚ್ಚುಕಟ್ಟಿನ, ಅಂದರೆ ಕೆರೆ ನೀರುಣ್ಣುವ ಜಮೀನಿನ, ಕೊನೆಯ ಗದ್ದೆಯವರು. ಕೆರೆ ಸಂಘದ ಸಭೆ ಇವರೆಲ್ಲರ ತಿಳಿವಳಿಕೆಯನ್ನು ಒಟ್ಟುಗೂಡಿಸಬೇಕು.

ಸಭೆಗೆ ಒಂದು ವಾರ ಮೊದಲು ನಾಲ್ಕು ಜನ ತೆಪ್ಪದಲ್ಲಿ ಹೋಗಿ ಹತ್ತು ಕಡೆ ನೀರಿನ ಆಳ ಅಳೆಯಲಿ. ತೂಬಿನ ತಳಕ್ಕಿಂತ ಕೆಳಗಿರುವ ನೀರು ಕಾಲುವೆಗೆ ಬರುವುದಿಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ನೀರು ಹರಡಿರುವುದು 40 ಎಕರೆ, ತೂಬಿನ ತಳದಿಂದ ಮೇಲೆ ಸರಾಸರಿ 3 ಅಡಿ ಎಂದಿಟ್ಟುಕೊಳ್ಳಿ: 120 ಎಕರೆ-ಅಡಿ ಆಯಿತು (ಒಂದು ಎಕರೆಯ ಮೇಲೆ ಒಂದು ಅಡಿ ನಿಲ್ಲುವ ನೀರೇ ಒಂದು ಎಕರೆ-ಅಡಿ). ಆವಿಗೂ ಕಾಲುವೆಯ ಸೋರಿಕೆಗೂ ಅರ್ಧ ಬಿಟ್ಟರೆ ಉಳಿಯುವುದು 60. ಭತ್ತಕ್ಕೆ ಎಕರೆಗೆ ಸುಮಾರು 4 ಅಡಿ ನೀರು ಬೇಕು, ಅಂದರೆ 15 ಎಕರೆ. ರಾಗಿಗೆ ಒಂದೂವರೆ ಅಡಿ ಹಿಡಿದರೆ 40 ಎಕರೆ.

ಆ ‘ಅರ್ಧ’ ಎಂಬುದೇ ಅನುಮಾನದ ಜಾಗ. ಕಾಲುವೆ ಎಷ್ಟು ನುಂಗುತ್ತದೆ ಎಂಬುದು ಊರಿಂದೂರಿಗೆ ಬೇರೆ. ಅದಕ್ಕೇ ಸಭೆಯಲ್ಲಿ ಅಳತೆಗಳನ್ನು ಓದಿ ಹೇಳಿದ ಮೇಲೆ, ಯಾರೂ ಬಾಯಿ ಬಿಡುವ ಮೊದಲು ಎಲ್ಲರಿಗೂ ಚೀಟಿ ಕೊಡಿ. ಎಷ್ಟು ಎಕರೆ ರಾಗಿಗೆ ನೀರು ಸಾಲುತ್ತದೆ, ಬರೀ ಅಂಕಿ ಬರೆಯಲಿ. ಬರೆಯಲು ಬಾರದವರು ಶಾಲೆಯ ಹುಡುಗಿಯೊಬ್ಬಳ ಕಿವಿಯಲ್ಲಿ ಹೇಳಲಿ. ಚೀಟಿಗಳನ್ನು ಸಣ್ಣ ಅಂಕಿಯಿಂದ ದೊಡ್ಡದಕ್ಕೆ ಜೋಡಿಸಿ, ನಟ್ಟನಡುವಿನದನ್ನು ಓದಿ. 1906ರಲ್ಲಿ ಇಂಗ್ಲೆಂಡಿನ ಪ್ಲಿಮತ್ ಜಾನುವಾರು ಪ್ರದರ್ಶನದಲ್ಲಿ ಎತ್ತಿನ ಮಾಂಸದ ತೂಕ ಊಹಿಸಿದ 787 ಚೀಟಿಗಳನ್ನು ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಹೀಗೇ ಜೋಡಿಸಿದ್ದ. ನಡುವಿನ ಚೀಟಿ 1207 ಪೌಂಡ್, ನಿಜವಾದ ತೂಕ 1198. ಅಧ್ಯಕ್ಷರು ಮೊದಲೇ “ಮೂವತ್ತು ಸಾಕಲ್ವಾ?” ಅಂದುಬಿಟ್ಟರೆ ಮಾತ್ರ ಚೀಟಿಗಳೆಲ್ಲ ಮೂವತ್ತರ ಸುತ್ತ ಬಂದು ನಿಲ್ಲುತ್ತವೆ, ಹೊಸದೇನೂ ತಿಳಿಯುವುದಿಲ್ಲ.

ಅಂಕಿಗಳು ಎರಡು ಗುಂಪಾಗಿ ಒಡೆದರೆ ನಡುವಿನದನ್ನು ನಂಬಬೇಡಿ. ಒಂದು ಗುಂಪಿಗೆ ಗೊತ್ತಿರುವುದು ಇನ್ನೊಂದಕ್ಕೆ ಗೊತ್ತಿಲ್ಲ ಎಂದರ್ಥ. ಕೊನೆಯ ಗದ್ದೆಯವರು ಮೊದಲು ಮಾತಾಡಲಿ, ತೂಬಿನ ಪಕ್ಕದವರು ಆಮೇಲೆ, ಅಧ್ಯಕ್ಷರು ಎಲ್ಲರಿಗಿಂತ ಕೊನೆಗೆ. “ಮೂರನೇ ತಿರುವಲ್ಲಿ ಏರಿ ಬಿರುಕು ಬಿಟ್ಟಿದೆ” ಎಂಬ ಮಾತು ಬಂತೋ, ಸಭೆ ನಿಲ್ಲಿಸಿ ಎಲ್ಲರೂ ಹೋಗಿ ನೋಡಿ ಬನ್ನಿ. ಬಂದ ಮೇಲೆ ಹೊಸ ಚೀಟಿ.

ನಡಾವಳಿ ಪುಸ್ತಕದಲ್ಲಿ ಎಕರೆ, ನೀರು ಬಿಡುವ ಸರದಿಯ ದಿನಗಳ ಜೊತೆಗೆ ಒಂದು ಷರತ್ತೂ ಇರಲಿ: ಮಾರ್ಚ್ 15ಕ್ಕೆ ನೀರು ತೂಬಿನ ಕಲ್ಲಿನ ಇಂಥ ಗುರುತಿಗಿಂತ ಇಳಿದಿದ್ದರೆ, ಸಭೆಗೆ ಕಾಯದೆ ನೀರುಗಂಟಿ ವಾರಕ್ಕೊಂದು ಸರದಿ ಕಡಿತ ಮಾಡಬಹುದು. ಈ ಸಾಲನ್ನು ತೂಬಿನ ಹತ್ತಿರ, ನೀರುಗಂಟಿಯ ಎದುರಿಗೇ ಗಟ್ಟಿಯಾಗಿ ಓದಿ ಎಲ್ಲರ ಸಹಿ ಹಾಕಿಸಿ. ಇಲ್ಲದಿದ್ದರೆ ಪ್ರಭಾವಿಗಳು ರಾತ್ರಿ ಬಂದು ತೂಬು ಎತ್ತಿಸಿದಾಗ ನೀರುಗಂಟಿ ಬೇಡ ಎನ್ನಲಾರರು.