ಉಳಿದ ನೀರಿನ ದುಡ್ಡು ಆಸ್ಪತ್ರೆಯದು, ಕರೆಂಟಿನದು ನನ್ನದು: ಎರಡೂ ಸೇರಿ ಒಂದು ಮಷಿನ್

ಬಳ್ಳಾರಿಯ ಒಂದು ಖಾಸಗಿ ಆಸ್ಪತ್ರೆಯ ಬಟ್ಟೆ ಒಗೆಯುವ ಗುತ್ತಿಗೆ ನನ್ನದು. ಮಷಿನ್ ನನ್ನದು, ಕರೆಂಟ್ ಬಿಲ್ಲೂ ನನ್ನದೇ. ಜಾಗ ಮತ್ತು ನೀರು ಆಸ್ಪತ್ರೆಯದು. ತೊಡಕು ಇರುವುದೇ ಇಲ್ಲಿ. ನೀರು ಎಷ್ಟು ಹರಿದರೂ ನನ್ನ ಜೇಬು ಬಿಸಿಯಾಗುವುದಿಲ್ಲ. ಮಷಿನ್ ಎಷ್ಟು ಹಳತಾದರೂ ಅವರಿಗೆ ತಲೆನೋವಿಲ್ಲ.

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋಯಿತಲ್ವಾ, ಆಗ ಊರ ತುಂಬ ನೀರಿನದೇ ಮಾತು. ಆಸ್ಪತ್ರೆಯ ಲೆಕ್ಕ ನೋಡುವವರೂ ಟ್ಯಾಂಕರ್ ಬಿಲ್ ಹಿಡಿದು ಲಾಂಡ್ರಿಗೆ ಬಂದರು. ಹೊಸ ಮಷಿನ್ನಿನ ಮಾತು ತೆಗೆಯಲು ನನಗೂ ಅದೇ ಬೇಕಿತ್ತು.

ಹಳೆಯ ತರದ ಮಷಿನ್ ಒಂದು ಕೆಜಿ ಬಟ್ಟೆಗೆ 20 ಲೀಟರ್‌ಗಿಂತ ಜಾಸ್ತಿ ನೀರು ಕುಡಿಯುತ್ತದೆ. ಒಳ್ಳೆಯ ವಾಷರ್ ಎಕ್ಸ್‌ಟ್ರಾಕ್ಟರ್‌ಗೆ, ಅಂದರೆ ಒಗೆದು ಜೋರಾಗಿ ತಿರುಗಿ ಹಿಂಡುವ ದೊಡ್ಡ ಮಷಿನ್‌ಗೆ, 10–12 ಲೀಟರ್ ಸಾಕು. ಇದು ಬರೀ ನೀರಿನ ಲೆಕ್ಕ ಅಂದುಕೊಳ್ಳಬೇಡಿ. ಆಸ್ಪತ್ರೆಯ ಬಟ್ಟೆಯನ್ನು 71 ಡಿಗ್ರಿ ಬಿಸಿಯಲ್ಲಿ ಒಗೆಯಬೇಕು. 30 ಡಿಗ್ರಿಯ ಸಾವಿರ ಲೀಟರ್ ನೀರನ್ನು ಅಷ್ಟು ಕಾಯಿಸಲು ಹೆಚ್ಚುಕಮ್ಮಿ 48 ಯೂನಿಟ್ ಬೇಕು. ನೀರು ಕಡಿಮೆ ಆದರೆ ಹೀಟರ್‌ಗೂ ಅಷ್ಟೇ ಕೆಲಸ ಕಡಿಮೆ.

ಅಸಲಿ ಮಜಾ ಇರುವುದು ಹಿಂಡುವುದರಲ್ಲಿ. ಬಳ್ಳಾರಿ ಬಿಸಿಲಿಗೆ ಡ್ರೈಯರ್ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಅದಿರು ಲಾರಿಗಳ ಕೆಂಪು ಧೂಳು ಬಿಳಿ ಶೀಟಿನ ಮೇಲೆ ಕೂತಿದ್ದನ್ನು ನೋಡಿದವರು ಕೇಳುವುದಿಲ್ಲ. ಒಂದು ಲೀಟರ್ ನೀರನ್ನು ಬಿಸಿಗಾಳಿಯಲ್ಲಿ ಆವಿ ಮಾಡಲು, ಡ್ರೈಯರ್ ಸುಮ್ನೆ ಹೊರಗೆ ಬಿಡುವ ಬಿಸಿಯೂ ಸೇರಿದರೆ, ಒಂದು ಯೂನಿಟ್ ಹತ್ತಿರ ಹೋಗುತ್ತದೆ. ಡ್ರಮ್ ಜೋರಾಗಿ ತಿರುಗಿ ಅದೇ ನೀರನ್ನು ಹಿಂಡಿ ತೆಗೆದರೆ ಖರ್ಚು ಚಿಲ್ಲರೆ. ಆಫೀಸಿನವರ ಎದುರೇ ಒಂದು ಒಣ ಬೆಡ್‌ಶೀಟ್ ತೂಗಿದೆ. ಒಗೆದು ಹಿಂಡಿದ ಮೇಲೆ ಅದನ್ನೇ ಮತ್ತೆ ತಕ್ಕಡಿಗೆ ಹಾಕಿದೆ. ಹಳೆಯ ಮಷಿನ್ನಿನಿಂದ ಬಂದ ಶೀಟು ತನ್ನಷ್ಟೇ ತೂಕದ ನೀರು ಹೊತ್ತು ತಂದಿತ್ತು. ಡೀಲರ್ ಹತ್ತಿರ ಹೊಸದರಲ್ಲಿ ಒಗೆಸಿ ನೋಡಿದಾಗ ನೀರು ಅದರ ಅರ್ಧ. ಮಾತಿಗಿಂತ ತಕ್ಕಡಿ ಬೇಗ ಒಪ್ಪಿಸಿತು.

ಆದರೂ ಕರೆಂಟ್ ಉಳಿತಾಯ ಒಂದರಿಂದಲೇ ಹೊಸ ಮಷಿನ್ನಿನ ಸಾಲಕ್ಕೆ ಬ್ಯಾಂಕಿನ ಕಂತು ಹೊರಡುತ್ತಿರಲಿಲ್ಲ. ನೀರಿನದೊಂದರಿಂದಲೂ ಇಲ್ಲ. ಕ್ಯಾಲಿಫೋರ್ನಿಯಾದ ಕೆಲವು ಕಡೆ ನೀರಿನ ಸಂಸ್ಥೆಗಳೂ ಕರೆಂಟ್ ಕಂಪನಿಯೂ ಕೈಜೋಡಿಸಿ, ಕಡಿಮೆ ನೀರಿನ ವಾಷಿಂಗ್ ಮಷಿನ್ ಕೊಂಡವರಿಗೆ ಒಂದೇ ಅರ್ಜಿಯಲ್ಲಿ ಎರಡೂ ರಿಬೇಟ್, ಅಂದರೆ ಕೊಂಡ ಬೆಲೆಯಲ್ಲಿ ಸ್ವಲ್ಪ ಹಣ ವಾಪಸ್, ಕೊಟ್ಟಿದ್ದಾರೆ. ನಮ್ಮಲ್ಲಿ ಹೊಸ ಘಟಕ ಹಾಕುವವರಿಗೆ ಪಿಎಂಇಜಿಪಿ ಎಂಬ ಕೇಂದ್ರ ಸರ್ಕಾರದ ಉದ್ಯೋಗ ಯೋಜನೆಯ ಸಬ್ಸಿಡಿ ಇದೆ. ಅದು ನೋಡುವುದು ಯೋಜನೆಯ ವೆಚ್ಚವನ್ನು, ಮಷಿನ್ ಕುಡಿಯುವ ನೀರನ್ನಲ್ಲ.

ಹಾಗಾಗಿ ರಿಬೇಟನ್ನು ನಾವೇ ಮಾಡಿಕೊಂಡೆವು. ಲಾಂಡ್ರಿ ಪೈಪಿಗೆ ಬೇರೆ ನೀರಿನ ಮೀಟರ್ ಕೂರಿಸಿದೆವು. ಹಳೆಯ ಮಷಿನ್ ಇರುವಾಗಲೇ ಕೆಜಿಗೆ ಎಷ್ಟು ಲೀಟರ್ ಅಂತ ಬರೆದಿಟ್ಟುಕೊಂಡೆವು. ಇದನ್ನು ಮಾತ್ರ ಬಿಡಬೇಡಿ, ಹೊಸದು ಬಂದ ಮೇಲೆ ಹಳೆಯ ಲೆಕ್ಕ ಯಾರೂ ನಂಬುವುದಿಲ್ಲ. ಈಗ ತಿಂಗಳಿಗೆ ಉಳಿದ ನೀರಿಗೆ ಟ್ಯಾಂಕರ್ ದರ ಕಟ್ಟಿ, ಅದರ ಅರ್ಧವನ್ನು ಸಾಲ ತೀರುವ ತನಕ ಅವರು ನನಗೆ ಕೊಡುತ್ತಾರೆ. ಅಲ್ಲಿವರೆಗೆ ಕೆಜಿ ದರ ಏರಿಸುವಂತಿಲ್ಲ ಅಂತ ಅವರ ಷರತ್ತು. ಕರೆಂಟಿನಲ್ಲಿ ಉಳಿದದ್ದು ಪೂರ್ತಿ ನನ್ನ ಕಂತಿಗೆ.

ಮನೆಯ ವಾಷಿಂಗ್ ಮಷಿನ್‌ಗೆ ಇರುವ ಸ್ಟಾರ್ ಗುರುತು ನಮ್ಮ ದೊಡ್ಡ ಮಷಿನ್ ಮೇಲೆ ಸಿಗುವುದಿಲ್ಲ. ಕೆಜಿಗೆ ಎಷ್ಟು ಲೀಟರ್, ಹಿಂಡಿದ ಮೇಲೆ ಎಷ್ಟು ತೇವ ಉಳಿಯುತ್ತೆ, ಎರಡನ್ನೂ ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ. ಡೀಲರ್ ಹೇಳುವ ಅಂಕಿ ಡ್ರಮ್ ಪೂರ್ತಿ ತುಂಬಿದಾಗಿನದು. ಅರ್ಧ ತುಂಬಿ ಓಡಿಸಿದರೆ ಕೆಜಿ ಲೆಕ್ಕ ಕೆಟ್ಟೇ ಕೆಡುತ್ತದೆ. ನಮ್ಮ ಹುಡುಗರಿಗೆ ಇದನ್ನು ಇನ್ನೂ ಹೇಳುತ್ತಲೇ ಇದ್ದೇನೆ.

ಬೋರಿನ ಗಡಸು ನೀರಿಗೆ ಅದನ್ನು ಮೆದು ಮಾಡುವ ಸಾಫ್ಟ್‌ನರ್ ಬೇಕು, ಆ ಸಾಫ್ಟ್‌ನರ್ ತೊಳೆಯಲೂ ನೀರು ಹೋಗುತ್ತದೆ. ಆ ನೀರನ್ನು ಯಾರ ಲೆಕ್ಕಕ್ಕೆ ಹಾಕುವುದು ಅಂತ ಸ್ವಲ್ಪ ಜಗ್ಗಾಟ ನಡೆಯಿತು. ಕೊನೆಗೆ ಮೀಟರನ್ನು ಸಾಫ್ಟ್‌ನರ್ ದಾಟಿದ ಮೇಲೆ ಕೂರಿಸಿದೆವು, ಹಾಗಾಗಿ ಆ ನೀರು ಲಾಂಡ್ರಿ ಲೆಕ್ಕಕ್ಕೆ ಬರುವುದಿಲ್ಲ.